ನಾರಿನ ಹುಲ್ಲಿನ ಕಣ

ನಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಒಂದು ಮೋಟು ಚಾಪೆ ಬಿದ್ದಿದೆ. ಒಂದು ಕಾಲಕ್ಕೆ ಅದು ಹಸಿರಾಗಿತ್ತು ಎಂದರೆ ನಂಬಲು ದೊಡ್ಡ ಮನಸ್ಸು ಬೇಕು. ಮೊನ್ನೆ ಸಿಂಚನಾ ಅದರ ಮೇಲೆ ಕಾಲೊರೆಸಿಕೊಳ್ಳುತ್ತಾ, "ಅಜ್ಜಿ, ಇದು ಎಲ್ಲಿಂದ ಬಂತು?" ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರಪ್ಪನೇ ಉತ್ತರ ಕೊಟ್ಟುಬಿಟ್ಟ.

"ಅದಾ? ನಿಮ್ಮಕ್ಕ ಆಡ್ಲಿ ಅಂತ ಪಕ್ಕದ ಸೈಟಿನಾಗೆ ಹಾಸಿದ್ದರ ತುಂಡು. ದೊಡ್ಡಜ್ಜ ಅಲ್ಲಿ ಶೆಡ್ಡು ಕಟ್ಟಬೇಕು ಅಂತಿದ್ರು. ನಿಮ್ಮಜ್ಜಿ ಕೇಳ್ಕೊಂಡ್ರು, ಪಾಪ, ದೊಡ್ಡಜ್ಜ ಬಿಟ್‌ಕೊಟ್ರು."

ನನ್ನ ಮಗ ಸುಳ್ಳು ಹೇಳುವವನಲ್ಲ. ಮಾತನ್ನು ತೊಳೆದು, ಹಿಂಡಿ, ನೆರಳಲ್ಲಿ ಒಣಗಿಸಿ, ಮಡಿಚಿ ಕೈಗೆ ಕೊಡುವವನು. ಅವನ ಕೈಗೆ ಹೋದ ಯಾವ ಮಾತೂ ಯಾರನ್ನೂ ಚುಚ್ಚುವುದಿಲ್ಲ. ಆದರೆ ಮಕ್ಕಳೇ, ನಾನು ಕೇಳಿಕೊಳ್ಳಲಿಲ್ಲ. ಅವರು ಬಿಟ್ಟುಕೊಡಲೂ ಇಲ್ಲ. ನಡೆದದ್ದು ಬೇರೆ. ಅದನ್ನು ನಿಮ್ಮೆದುರು ಕೂತು ಹೇಳೋಣವೆಂದರೆ, ಮೂರು ಜನ ನನ್ನ ಮುಖ ನೋಡಿದರೆ ಸಾಕು, ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನನ್ನ ತವರೂರು ಸಾರಥಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನಾಚಿಕೆ ಎಂಥದೆಂದು ಮೊದಲು ತಿಳಿದಿರಲಿ. ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದರೆ ಉಳಿದವರೆಲ್ಲ "ಹಾಜರ್ ಸಾರ್" ಎಂದು ಕಿರುಚುತ್ತಿದ್ದರು. ನಾನು ಎರಡು ಬೆರಳು ಎತ್ತುತ್ತಿದ್ದೆ, ಅದೂ ಮುಂದಿನ ಹುಡುಗಿಯ ಬೆನ್ನ ಹಿಂದೆ. ಮೇಷ್ಟ್ರು ಗೈರುಹಾಜರಿ ಹಾಕುತ್ತಿದ್ದರು. ಹಾಜರಿ ಪುಸ್ತಕವನ್ನು ನಂಬುವುದಾದರೆ ನಾನು ಅರ್ಧ ಶಾಲೆ ಓದಿಯೇ ಇಲ್ಲ.

ಆದರೆ ಬಾವಿಕಟ್ಟೆಯಲ್ಲಿ ನಾನೇ ಬೇರೆ. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ಇರುತ್ತದಲ್ಲ, ಅದೇ ನಮ್ಮ ಆಟದ ಸಾಮಾನು. ಕೊಡಗಳನ್ನು ಸಾಲಾಗಿ ಇಟ್ಟು, ಅದರ ಆಚೆ ಇಬ್ಬರು, ಈಚೆ ಇಬ್ಬರು ನಿಂತು ಸಿಂಬಿ ಎಸೆದಾಡುತ್ತಿದ್ದೆವು. ನೆಲಕ್ಕೆ ಬೀಳಿಸಿದವರು ಎಲ್ಲರ ಕೊಡಕ್ಕೂ ನೀರು ಸೇದಬೇಕು. ನಾನು ಬೀಳಿಸುತ್ತಿರಲಿಲ್ಲ. ಆ ಆಟದಲ್ಲಿ ಮಾತೇ ಬೇಕಾಗಿರಲಿಲ್ಲ ನೋಡಿ, ಕಣ್ಣು ಮತ್ತು ಕೈ ಇದ್ದರೆ ಸಾಕಿತ್ತು. ನನ್ನ ಪಾಲಿಗೆ ದೇವರೇ ಕಳಿಸಿಕೊಟ್ಟ ಆಟ. ಆಮೇಲೆ ಶಾಲೆಗೆ ಒಂದು ರಬ್ಬರಿನ ರಿಂಗು ಬಂತು. ಬಿದಿರಿನ ಗಳುವಿಗೆ ಹಗ್ಗ ಕಟ್ಟಿ ಅದನ್ನು ಆಡಿಸಿದರು. ಒಂದೇ ಕೈಯಲ್ಲಿ ಹಿಡಿಯಬೇಕು, ಹಿಡಿದ ತಕ್ಷಣ ಎಸೆಯಬೇಕು, ಮೈಗೆ ತಾಗಿಸಬಾರದು. ಇದೇನು ದೊಡ್ಡ ವಿದ್ಯೆ, ನಮ್ಮ ಸಿಂಬಿಯೇ ಅಲ್ಲವೇ ಅನ್ನಿಸಿತು. ಹರಿಹರದಲ್ಲಿ ತಾಲ್ಲೂಕಿನ ಆಟಗಳಿಗೆ ನನ್ನ ಹೆಸರನ್ನೂ ಬರೆದಿದ್ದರು. ಅದೇ ವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹರಿಹರಕ್ಕೆ ಬೇರೆ ಯಾರೋ ಹೋದರು, ನಾನು ದಾವಣಗೆರೆಗೆ ಬಂದೆ.

ಅಷ್ಟು ಹಿಂದಿನದು ಈಗ ಬೇಡ. ತೊಂಬತ್ತೆಂಟರ ಬೇಸಿಗೆಗೆ ಬರೋಣ. ನಿಮ್ಮಜ್ಜ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಸಿಂಚನಾ ಇನ್ನೂ ಹುಟ್ಟಿರಲಿಲ್ಲ. ಅವಳಕ್ಕ ಚೈತ್ರಾ ಏಳನೇ ಕ್ಲಾಸು ಮುಗಿಸಿದ್ದಳು. ರಿಂಗ್ ಟೆನಿಸಿನ ಹುಚ್ಚು ಅವಳಿಗೆ ಎಲ್ಲಿಂದ ಅಂಟಿತೋ, ನಾನಂತೂ ಒಂದು ಮಾತೂ ಹೇಳಿಕೊಟ್ಟವಳಲ್ಲ. ಶಾಲೆಯ ಅಂಗಳದಲ್ಲಿ ಗರಸು ಹಾಕಿದ್ದರು. ರಿಂಗಿಗೆ ಹಾರಿದ ಹುಡುಗಿ ಮೊಣಕಾಲೂರಿ ಜಾರಿ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದಳು. ನನ್ನ ಸೊಸೆ ಗಿರಿಜಾ ಮಗಳ ಕಾಲು ನೋಡಿ ಅತ್ತಳು, ಆಮೇಲೆ ರಿಂಗನ್ನು ತೆಗೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

"ಸಾಕು ಆಡಿದ್ದು. ಹೆಣ್ಣು ಹುಡುಗಿ, ಕಾಲ ತುಂಬ ಕಲೆ ಮಾಡ್ಕೊಂಡ್ರೆ ನಾಳೆ ಯಾರು ನೋಡ್ತಾರೆ?"

"ಕಾಲು ನೋಡಿ ಮದಿವಿ ಆಗೋನು ನಂಗೆ ಬ್ಯಾಡಮ್ಮ," ಎಂದಳು ಚೈತ್ರಾ.

ನಾನು ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಕೈ ನಿಂತುಬಿಟ್ಟಿತು. ಎಂದೂ ಸೊಸೆಯ ಮಾತಿಗೆ ಎದುರಾಡದವಳು ನಾನು. ಸೊಸೆಯ ಮಾತಿಗೇನು, ತರಕಾರಿಯವಳ ಮಾತಿಗೂ ಆಡಿದವಳಲ್ಲ. ಆದರೆ ಅಂದು, "ಮಗು ಬಿದ್ರೆ ನೆಲ ಬದಲು ಮಾಡಬೇಕು ಗಿರಿಜಾ, ಆಟ ನಿಲ್ಲಸಬಾರ್ದು," ಎಂಬ ಮಾತು ನನ್ನ ಬಾಯಿಂದಲೇ ಬಂತು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು.

ನೆಲ ಇತ್ತು. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಪಕ್ಕದ ಮೂವತ್ತು ಐವತ್ತರ ಸೈಟನ್ನು ನಿಮ್ಮಜ್ಜ ನನ್ನ ಹೆಸರಿಗೇ ಮಾಡಿಸಿದ್ದರು. ನೋಂದಣಿ ದಿನ ಗುಮಾಸ್ತ ಶಾಯಿಯ ಡಬ್ಬಿ ಹಿಡಿದು ನನ್ನ ಹೆಬ್ಬೆರಳಿಗೆ ಕೈ ಚಾಚಿದ. ನಾನು ಪೆನ್ನಿಗೆ ಕೈ ಚಾಚಿದೆ. ನಿಮ್ಮಜ್ಜ ಆ ಕಥೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಅವರು ಹೋದಮೇಲೆ ಅಲ್ಲಿ ಬಳ್ಳಾರಿ ಜಾಲಿ ಬೆಳೆದು, ಓಣಿಯ ಹಂದಿಗಳು ಸಂಸಾರ ಹೂಡಿದ್ದವು.

ಗಿರಿಜಾ ತರಿಸುತ್ತಿದ್ದ ಯಾವುದೋ ವಾರಪತ್ರಿಕೆಯಲ್ಲಿ ಒಂದು ಚಿತ್ರ ನೋಡಿದ್ದೆ. ಪರದೇಶದ ಮನೆಯ ಹಿತ್ತಲಲ್ಲಿ ಹಚ್ಚಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಬಿಳಿ ಗೆರೆ ಎಳೆದು, ಮಕ್ಕಳು ಬಿದ್ದು ಹೊರಳಾಡುತ್ತಿದ್ದರು. ನೀರು ಬೇಡ, ಕಳೆ ಬೇಡ, ಬಿದ್ದರೆ ಗಾಯವಿಲ್ಲ. ಮಂಡಿಪೇಟೆಯಲ್ಲಿ ಅಂಥದೇ ಹುಲ್ಲಿನ ತುಂಡು ಸಿಗುತ್ತದೆಂದು ಮಗ ಒಂದು ಮೊಳ ತಂದುಕೊಟ್ಟ. ಮದುವೆ ಛತ್ರದ ಬಾಗಿಲಿಗೆ ಹಾಸುತ್ತಾರಲ್ಲ, ಅದು. ನಾನು ಅದನ್ನು ಬಿಸಿಲಲ್ಲಿಟ್ಟು ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ಹತ್ತಿ ನಿಂತೆ. ಹಂಚಿನ ಮೇಲಿನ ರೊಟ್ಟಿಯ ಕಷ್ಟ ಏನೆಂದು ಅಂದು ತಿಳಿಯಿತು. ಹಳೇ ಹವಾಯಿ ಚಪ್ಪಲಿಯ ವಾಸನೆ ಬೇರೆ. ಓಣಿಯ ಹಸು ಬಂದು ಮೂಸಿ, ನನ್ನ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡು ಹೋಯಿತು. ಹಸು ಬೇಡವೆಂದ ಹುಲ್ಲನ್ನು ಮಣ್ಣಿಗೆ ಹೇಗೆ ಹಾಸಲಿ? ನಾಳೆ ಅದು ಹರಿದು ಚೂರಾದರೆ ಮಣ್ಣು ಅದನ್ನು ಜೀರ್ಣಿಸಿಕೊಳ್ಳುತ್ತದೆಯೇ? ಇದಕ್ಕೆಲ್ಲ ಪರಿಸರಸ್ನೇಹಿ ಎಂದು ನಿಮ್ಮ ಪುಸ್ತಕದಲ್ಲಿ ಏನೋ ಹೆಸರಿದೆ. ನನಗೆ ಆ ಹೆಸರು ಗೊತ್ತಿರಲಿಲ್ಲ. ಮಣ್ಣಿಗೆ ಹಾಸುವುದು ಮಣ್ಣಾಗಬೇಕು ಅನ್ನಿಸಿತು, ಅಷ್ಟೇ.

ಹರಿಹರದಲ್ಲಿ ಬುಡೇನ್ ಸಾಬ್ರು ಅಂತ ಹಾಸಿಗೆ ಹೊಲಿಯುವವರು ಇದ್ದರು. ನಮ್ಮ ಮನೆಯ ತೆಂಗಿನ ನಾರಿನ ಹಾಸಿಗೆಗಳೆಲ್ಲ ಅವರ ಕೈಯವೇ. ಗಿರಿಜಾಳನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆ. ಮಾತಾಡಲು ಒಬ್ಬರು ಬೇಕಲ್ಲ. ಕಾಲೊರೆಸುವ ಚಾಪೆಯ ಹಾಗೆ ಮೋಟು ನಾರು ಎದ್ದು ನಿಂತ ಚಾಪೆ ಬೇಕು, ಹಸಿರು ಬಣ್ಣ ಹಾಕಬೇಕು, ನಲವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ ಎಂದು ಗಿರಿಜಾ ನನ್ನ ಪರವಾಗಿ ಹೇಳಿದಳು.

ಸಾಬ್ರು ದಬ್ಬಣ ಕಿವಿಗೆ ಸಿಕ್ಕಿಸಿಕೊಂಡರು. "ಅಮ್ಮಾರೆ, ಇಷ್ಟು ದೊಡ್ಡ ಕಾಲು ಯಾರದು?"

"ಆಟ ಆಡಾಕ್ರಿ, ನೆಲಕ್ಕೆ ಹಾಸಾದು."

"ಅರೆ ಅಲ್ಲಾ! ಮಂದಿಗೆ ಹಾಸಿಗಿ ಹೊಲ್ದೀನಿ, ತೊಟ್ಲಿಗೆ ಹೊಲ್ದೀನಿ, ನೆಲಕ್ಕ ಹಾಸಿಗಿ ಇದೇ ಮೊದಲು. ಬಣ್ಣ ಚಿಂತಿ ಮಾಡಬ್ಯಾಡ್ರಿ. ಪಕ್ಕಾ ರಂಗು."

ಆ ಪಕ್ಕಾ ರಂಗಿನ ಕಥೆ ಮುಂದೆ ಬರುತ್ತದೆ.

ಕೆಳಗಿನ ನೆಲ ಮಾಡಲು ಸಾರಥಿಯಿಂದ ನನ್ನ ತಮ್ಮ ಈರಣ್ಣ ಬಂದ. ನಮ್ಮ ಕಡೆ ಕಣ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಣ ಎಂದರೆ ಗೊತ್ತೋ ಇಲ್ಲವೋ ನಿಮಗೆ, ತೆನೆ ಒಕ್ಕುವ ಜಾಗ. ಅಲ್ಲಿ ನೆಲ ಎಷ್ಟು ನುಣುಪಾಗಿರಬೇಕೆಂದರೆ ಚೆಲ್ಲಿದ ರಾಗಿಯ ಕಾಳನ್ನೂ ಬೆರಳಿನಿಂದ ಬಳಿದುಕೊಳ್ಳಬಹುದು. ಈರಣ್ಣ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೆರೆಯ ಮಣ್ಣು, ಸಗಣಿಯ ಬುಟ್ಟಿಗಳು, ಎತ್ತು ಎಳೆಯುವ ಕಲ್ಲಿನ ಗುಂಡು ಎಲ್ಲ ಹೇರಿಕೊಂಡು ಬಂದಿಳಿದ.

"ಯಕ್ಕಾ, ಊರಾಗ ಕಣ ಮಾಡೋರೇ ಇಲ್ಲ ಈಗ. ತೆನಿ ತಂದು ಡಾಂಬರ್ ರಸ್ತಿ ಮ್ಯಾಲೆ ಹಾಕ್ತಾರೆ, ಬಸ್ಸಿನ ಗಾಲಿ ಒಕ್ಕಿಕೊಟ್ಟು ಹೋಗ್ತಾವೆ. ನೀ ನೋಡಿದ್ರ ಪ್ಯಾಟಿಯಾಗ ಕಣ ಮಾಡಸ್ತೀಯಲ್ಲ!" ಎಂದು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಬಹಳ ದಿನಗಳ ಮೇಲೆ ಅವನಿಗೂ ಕೈತುಂಬ ಕೆಲಸ ಸಿಕ್ಕಿತ್ತು.

ಜಾಲಿ ಕಡಿದು, ಬೇರು ಕಿತ್ತು, ಕಲ್ಲು ಆರಿಸಿ, ನೀರು ನಿಲ್ಲಿಸಿ, ಮಣ್ಣು ತುಳಿದೆವು. ಓಣಿಯ ಮಕ್ಕಳೆಲ್ಲ ಬಂದು ತುಳಿದರು. ಅವರಿಗದು ಹಬ್ಬ, ಅವರ ತಾಯಂದಿರಿಗೆ ಬಟ್ಟೆ ಒಗೆಯುವ ಕೆಲಸ. ಗೆದ್ದಲು ನಾರು ತಿನ್ನಬಾರದೆಂದು ಮಂಡಕ್ಕಿ ಭಟ್ಟಿಯಿಂದ ಹೊಟ್ಟಿನ ಬೂದಿ ತರಿಸಿ ಹರಡಿದೆವು. ಗುಂಡು ಎಳೆಯಲು ಎತ್ತು ಎಲ್ಲಿಂದ ತರುವುದು? ಈರಣ್ಣ, ನನ್ನ ಮಗ, ಗಿರಿಜಾ, ನಾನು, ನಾಲ್ವರೂ ಹಗ್ಗ ಹಿಡಿದೆವು. ಕಾಂಪೌಂಡಿನ ಆಚೆ ಓಣಿಯ ಹೆಂಗಸರು ಸಾಲಾಗಿ ನಿಂತರು. ಗಂಡ ಸತ್ತವಳು ಸೆರಗು ಬಿಗಿದು ಗುಂಡು ಎಳೆಯುವುದನ್ನು ಅವರು ನೋಡಿರಲಿಲ್ಲ. ನಾನು ನೆಲ ನೋಡಿಕೊಂಡೇ ಎಳೆದೆ, ನಿಲ್ಲಿಸಲಿಲ್ಲ.

ಸಗಣಿ ಬಗ್ಗಡ ಸಾರಿಸಿ ಎರಡು ದಿನ ಬಿಟ್ಟೆವು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡುತ್ತೇವೆ, ಅಂಗಳದ ಸರಿಯಾಗಿ ನಡುಮಧ್ಯೆ ಎದೆಯೆತ್ತರದ ಅತ್ತಿಯ ಕಂಬ ನಿಂತಿದೆ! ಬುಡಕ್ಕೆ ವಿಭೂತಿ, ಹೂವು, ಒಡೆದ ತೆಂಗಿನಕಾಯಿ.

"ಈರಣ್ಣಜ್ಜ, ಇದೇನು?" ಎಂದು ಚೈತ್ರಾ ಕೂಗಿದಳು.

"ಮೇಟಿ ಕಣವ್ವ. ಮೇಟಿ ಇಲ್ಲದ ಕಣ ಇರ್ತೈತೇನು? ಎತ್ತು ಎದಕ್ಕ ಕಟ್ತಿ?"

"ಎತ್ತೇ ಇಲ್ಲವಲ್ಲ ಅಜ್ಜಾ!"

ಈರಣ್ಣ ತಲೆ ಕೆರೆದುಕೊಂಡ. ಮೂವತ್ತು ವರ್ಷದ ಕೈಚಳಕ, ಯಾಕೆ ಎಂದು ಕೇಳದೆ ಮೇಟಿಯವರೆಗೂ ನಡೆದುಬಿಟ್ಟಿತ್ತು. ಕೀಳೋಣವೆಂದರೆ ಪೂಜೆ ಮಾಡಿದ ಮೇಟಿ, ಕೀಳಲು ಅವನು ಒಪ್ಪಲೊಲ್ಲ. ಕೊನೆಗೆ ನಾನೇ ಅಳೆದು ನೋಡಿದೆ. ಬಲೆ ಕಟ್ಟುವುದು ಅದೇ ನಡುಗೆರೆಯ ಮೇಲೆ, ಆಳೆತ್ತರದಲ್ಲಿ. ಬಲೆಯ ಆಚೀಚೆ ಮೂರು ಮೂರು ಅಡಿ ರಿಂಗು ಬೀಳಬಾರದ ಜಾಗ. ಮೇಟಿ ಬಲೆಯ ಕೆಳಗೆ ತನ್ನ ಪಾಡಿಗೆ ನಿಂತಿದ್ದರೆ ಯಾರಿಗೂ ಅಡ್ಡಿಯಿಲ್ಲ. ಪ್ರಪಂಚದಲ್ಲಿ ಮೇಟಿ ಇರುವ ರಿಂಗ್ ಟೆನಿಸ್ ಅಂಗಳ ನಮ್ಮದೊಂದೇ ಇರಬೇಕು. ಅದರ ಸುತ್ತ ಕತ್ತರಿಸಿ ಬುಡೇನ್ ಸಾಬ್ರು ಹಸಿರು ಹಾಸು ಹಾಸಿದರು, ಅಂಚಿಗೆ ಮೊಳೆ ಬಡಿದರು, ಬಿಳಿ ನವಾರದ ಗೆರೆ ಹೊಲಿದರು. ಬೆಳಗಿನ ಬಿಸಿಲಿಗೆ ಅದು ನಾಟಿ ಮಾಡಿ ತಿಂಗಳಾದ ಗದ್ದೆಯಂತೆ ಕಾಣುತ್ತಿತ್ತು. ಗಿರಿಜಾ ತಾನಾಗಿ ಹೋಗಿ ಟ್ರಂಕಿನ ಬೀಗ ತೆಗೆದಳು.

ಈಗ ನಿಮ್ಮ ದೊಡ್ಡಜ್ಜನ ವಿಷಯ. ಅವರು ನಿಮ್ಮಜ್ಜನ ಅಣ್ಣ, ನನಗೆ ಬಾವ. ಮಲೆಬೆನ್ನೂರಿನ ಕಡೆ ಗದ್ದೆ, ದಾವಣಗೆರೆಯಲ್ಲಿ ಅಕ್ಕಿಯ ವ್ಯಾಪಾರ. ಕೆಟ್ಟವರೆಂದು ನಾನು ಬರೆದರೆ ನನ್ನ ಕೈ ಬಿದ್ದುಹೋಗಲಿ. ನಿಮ್ಮಜ್ಜ ಹೋದಾಗ ಆಸ್ಪತ್ರೆಯಿಂದ ಹಿಡಿದು ಕಚೇರಿಯ ಕಾಗದದವರೆಗೆ ಎಲ್ಲವನ್ನೂ ಅವರೇ ಓಡಾಡಿ ಮಾಡಿಸಿದರು. ಆದರೆ ಅವರು ಒಂದು ಮಾತು ಹೇಳಿದರೆ ಮನೆಯಲ್ಲಿ ಎರಡನೇ ಮಾತು ಇರಲಿಲ್ಲ. ನನ್ನದಂತೂ ಮೊದಲನೆಯ ಮಾತೇ ಇರಲಿಲ್ಲ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಬಾವನ ಎದುರು ನಿಂತು ಮಾತಾಡುವಂತಿಲ್ಲ. ಬಾಗಿಲ ಮರೆಯಲ್ಲಿ ನಿಂತು, ನಡುವೆ ಒಬ್ಬರನ್ನಿಟ್ಟುಕೊಂಡು ಮಾತಾಡಬೇಕು. "ಬಾವಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎಂದು ನಾನು. "ಸಾಕಂತೆ ಹೇಳು" ಎಂದು ಅವರು. ನಡುವೆ ಎಂಟು ಅಡಿ ಜಾಗ, ಒಂದು ಪರದೆ. ಮದುವೆಯಾದ ದಿನದಿಂದ ಹೀಗೆಯೇ ನಡೆದಿತ್ತು. ನಾಚಿಕೆಯವಳಿಗೆ ಇಷ್ಟು ಅನುಕೂಲದ ಪದ್ಧತಿ ಇನ್ನೊಂದಿಲ್ಲ. ನಾನು ಒಂದು ದಿನವೂ ಅದನ್ನು ಬೈದುಕೊಂಡವಳಲ್ಲ.

ಹಾಸು ಹಾಸಿದ ಮೂರನೇ ವಾರ ಮುಂಗಾರಿನ ಮೊದಲ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಬಾವ ಬಂದರು. ಅಚ್ಚಬಿಳಿಯ ಪಂಚೆ, ಇಸ್ತ್ರಿ ಅಂಗಿ. ಹರಿಹರಕ್ಕೆ ಯಾರದೋ ಮದುವೆಯ ಮಾತುಕತೆಗೆ ಹೊರಟಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹಿಂಬಾಗಿಲ ಮರೆಯಲ್ಲಿದ್ದೆ. ಅವರು ಅಂಗಳ ನೋಡುತ್ತಾ ನಿಂತರು, ಬಗ್ಗಿ ನಾರನ್ನು ಮುಟ್ಟಿದರು, ಹಾಸಿನ ಅಂಚಿನಲ್ಲಿ ಕೂರಲು ಪಂಚೆ ಸರಿಪಡಿಸಿಕೊಂಡರು. ಹಾಸು ಇನ್ನೂ ಒದ್ದೆ. ಕೂಡ್ರಬ್ಯಾಡ್ರಿ ಎನ್ನಬೇಕು, ಒಂದೇ ಮಾತು. ನಾನು ನಡುವಿನವರಿಗಾಗಿ ಹುಡುಕಿದೆ. ಓಣಿಯಲ್ಲಿ ಒಂದು ಮಗುವೂ ಇರಲಿಲ್ಲ. ಹಸುವಿಗೆ ಹೇಳಲೇ ಎಂದೂ ಯೋಚಿಸಿದೆ. ಅಷ್ಟರಲ್ಲಿ ಅವರು ಕೂತೇಬಿಟ್ಟಿದ್ದರು. ಎದ್ದು ಹೋಗುವಾಗ ಹಿಂದಿನಿಂದ ನೋಡಿದೆ. ಪಕ್ಕಾ ರಂಗು!

ಆ ಪಂಚೆಯಲ್ಲೇ ಅವರು ಮಾತುಕತೆಗೆ ಹೋಗಿ, ಎರಡೂ ಕಡೆಯ ಹಿರಿಯರ ನಡುವೆ ಎದ್ದು ನಿಂತು ತಿರುಗಿ ಕೈಮುಗಿದರಂತೆ. ಹೆಣ್ಣಿನ ಕಡೆಯ ಮುದುಕಿಯೊಬ್ಬಳು, "ಸಾವ್ಕಾರ್ರು ಹೊಲದಿಂದ ನೆಟ್ಟಗ ಬಂದಾರೆ, ಪಾಪ," ಎಂದಳಂತೆ.

ಸಂಜೆಯೇ ಬಂದರು. ನನ್ನ ಮಗನನ್ನು ಎದುರು ಕೂರಿಸಿಕೊಂಡರು. ನಾನು ಪರದೆಯ ಹಿಂದೆ.

"ಆ ಹಸಿರು ಚಾಪಿ ಕಿತ್ತು ಹಾಕ್ರಿ. ಜಾಗ ಸುಮ್ನೆ ಬಿದ್ದೈತೆ. ನನ್ನ ಅಕ್ಕಿ ಚೀಲಕ್ಕೆ ಒಂದು ಶೆಡ್ ಹಾಕ್ತೀನಿ. ಸೋಮವಾರ ಪಾಯ. ನಿಮ್ಮವ್ವಗೆ ಹೇಳಪ್ಪ."

ನನ್ನ ಮಗ ಎದ್ದು ಎಂಟು ಅಡಿ ನಡೆದು ಬಂದ. ನಾನು ಪಿಸುಮಾತಿನಲ್ಲಿ, "ಆಗಲ್ಲ ಅಂತ ಹೇಳು," ಎಂದೆ. ಅವನು ಎಂಟು ಅಡಿ ವಾಪಸ್ಸು ನಡೆದ.

"ಅವ್ವ ಯೋಚ್ನೆ ಮಾಡ್ತಾರಂತೆ ದೊಡ್ಡಪ್ಪ."

ನಾನು ಪರದೆಯನ್ನು ಜೋರಾಗಿ ಎಳೆದೆ. ಅವನು ಮತ್ತೆ ಬಂದ. "ಯೋಚ್ನೆ ಇಲ್ಲ ಏನಿಲ್ಲ. ನಾ ಇರೋತನಕ ಆಗಲ್ಲ ಅಂತ ಹೇಳು."

"ಅವ್ವಗೆ ಸ್ವಲ್ಪ ಬ್ಯಾಸರ ಐತೆ. ದಿನ ಕಳೆದ್ರೆ ಸರಿ ಹೋಗ್ತೈತೆ ಅನ್ಸುತ್ತೆ."

"ಹಂಗಾದ್ರ ಸೋಮವಾರ ಗೌಂಡಿ ಕರ್ಕೊಂಡು ಬರ್ತೀನಿ," ಎಂದು ಬಾವ ಎದ್ದರು.

ನನ್ನ ಮಾತು ನನ್ನ ಕಣ್ಣೆದುರೇ, ಎಂಟು ಅಡಿಯ ದಾರಿಯಲ್ಲಿ, ಬೇರೆಯಾಗಿ ಹೋಗುತ್ತಿತ್ತು. ಅದನ್ನು ತಿದ್ದಬೇಕೆಂದರೆ ನಾನೇ ಪರದೆ ಸರಿಸಿ ಮಾತಾಡಬೇಕು. ಮಾತಾಡಲಿಲ್ಲ. ಆಮೇಲೆ ಮಗನನ್ನು ಬೈದೆ. "ದೊಡ್ಡಪ್ಪನ ಮುಖ ನೋಡಿ ಆಗಲ್ಲ ಅನ್ನಾಕ ನನ್ ಕೈಲಿ ಆಗಲ್ಲವ್ವ," ಎಂದು ತಲೆ ತಗ್ಗಿಸಿದ. ಇಷ್ಟು ವರ್ಷ ನನ್ನ ಬಾಯಾಗಿ ಅವನನ್ನು ಬೆಳೆಸಿದವಳು ನಾನೇ. ಇನ್ನೇನು ಹೇಳಲಿ?

ಅಂದಿನಿಂದ ಸೋಮವಾರದವರೆಗೆ ನಾನು ಮತ್ತು ಚೈತ್ರಾ ದಿನವೂ ಬೆಳಿಗ್ಗೆ ಆಡಿದೆವು. ಅದುವರೆಗೆ ನಾನು ಬರೀ ಬಿದ್ದ ರಿಂಗು ಎತ್ತಿಕೊಡುತ್ತಿದ್ದೆ. ಗುರುವಾರ ಬೆಳಿಗ್ಗೆ ಅವಳ ಎದುರು ಹೋಗಿ ನಿಂತು, "ಹಾಕು," ಎಂದೆ. ಅವಳು ಅಜ್ಜಿಯೆಂದು ಮೆಲ್ಲಗೆ ಹಾಕಿದಳು. ನಾನು ಎಡಗೈಯಲ್ಲಿ ಹಿಡಿದು ಅವಳ ಹಿಂದಿನ ಮೂಲೆಗೆ ಎಸೆದೆ. ಆಮೇಲೆ ಅವಳು ಮೆಲ್ಲಗೆ ಹಾಕಲಿಲ್ಲ. ಎಷ್ಟೋ ಸಲ ಬಿದ್ದೆ. ನಾರು ಚುಚ್ಚುತ್ತಿತ್ತು, ಮೊಣಕೈ ಹಸಿರಾಗುತ್ತಿತ್ತು, ಚರ್ಮ ಮಾತ್ರ ಸುಲಿಯಲಿಲ್ಲ. ಗೋಡೆಯ ಮೇಲೆ ಓಣಿಯ ತಲೆಗಳು ಸಾಲಾಗಿರುತ್ತಿದ್ದವು. "ಅತ್ತೆ, ಸೆರಗು," ಎಂದು ಗಿರಿಜಾ ಒಳಗಿನಿಂದ ಎಚ್ಚರಿಸುತ್ತಿದ್ದಳು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದೆ. ತಲೆ ಬರಿದಾಗಿದ್ದರೆ ಇರಲಿ.

ಸೋಮವಾರ ಬಾವ ಬಂದಾಗ ಆಟ ಅರ್ಧಕ್ಕೆ ಬಂದಿತ್ತು. ಚೈತ್ರಾ ಹದಿನಾಲ್ಕು, ನಾನು ಹನ್ನೊಂದು. ಜೊತೆಗೆ ಗೌಂಡಿ, ಅವನ ಕೈಯಲ್ಲಿ ದಾರ, ಸುಣ್ಣದ ಪುಡಿಯ ಡಬ್ಬಿ. ನನ್ನ ಮಗ ಓಡಿ ಬಂದು ನಡುವೆ ನಿಂತ. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಮರೆಗೆ ಬಾಗಿಲಿಲ್ಲ, ಪರದೆಯಿಲ್ಲ, ಎದೆಯೆತ್ತರದ ಮೇಟಿಯೊಂದೇ. ಅದರ ಹಿಂದೆ ನಾನು ಅಡಗುವುದು ಎಲ್ಲಿ ಬಂತು?

"ಹೇಳಪ್ಪ ಅವರಿಗೆ, ಆಗಲ್ಲ ಅಂತ," ಎಂದೆ ಮಗನಿಗೆ.

"ಅವ್ವ ಒಂದೆರಡು ತಿಂಗ್ಳು ತಡೀರಿ ಅಂತಾರೆ ದೊಡ್ಡಪ್ಪ."

ಸೆರಗಿನಿಂದ ಕೈ ತೆಗೆದೆ. "ಬಾವಾರೆ," ಎಂದೆ. ಯಾರೋ ಬೇರೆ ಹೆಂಗಸು ಕರೆದ ಹಾಗಿತ್ತು ಆ ದನಿ. "ನನ್ನ ಮಗ ಹೇಳಿದ್ದು ನಾ ಹೇಳಿದ್ದಲ್ರಿ. ಅವತ್ತೂ ಆಗಲ್ಲ ಅಂದೆ, ಇವತ್ತೂ ಆಗಲ್ಲ ಅಂತೀನಿ."

ಬಾವ ನನ್ನ ಕಡೆ ನೋಡಲಿಲ್ಲ. ಪಾಪ, ಅವರಿಗೂ ಅಭ್ಯಾಸವಿಲ್ಲ. ಮಗನ ಕಡೆ ತಿರುಗಿ, "ಏನಂತಾರಪ್ಪ ನಿಮ್ಮವ್ವ?" ಎಂದರು. ಬಲೆಯ ಆಚೆಯಿಂದ ಚೈತ್ರಾ, "ಆಗಲ್ಲ ಅಂತಾರೆ ದೊಡ್ಡಜ್ಜ," ಎಂದಳು. ನಮ್ಮ ಮನೆಯಲ್ಲಿ ಒಂದು ಮಾತು ಹೋದ ಹಾಗೆಯೇ ತಲುಪಿದ್ದು ಅದೇ ಮೊದಲು.

"ಮನಿ ಮರ್ಯಾದಿ ಅಂತ ಒಂದೈತೆ ಅನ್ನು," ಎಂದು ಬಾವ ಕೆಂಪಾದರು. "ಯಜಮಾನ ಹೋದ ಮನಿ. ಹೆಂಗಸು ಸೊಂಟಕ್ಕ ಸೆರಗು ಕಟ್ಟಿ ಕುಣಿಯಾದು, ಮಂದಿ ಗ್ವಾಡಿ ಹತ್ತಿ ನೋಡಾದು! ಬಾರಲೇ ಗೌಂಡಿ, ದಾರ ಹಿಡಿ." ಹೇಳುತ್ತಲೇ ಮೆಟ್ಟಿದ ಚಪ್ಪಲಿಯಲ್ಲಿ ಹಾಸಿನ ಮೇಲೆ ನಾಲ್ಕು ಹೆಜ್ಜೆ ಬಂದರು.

"ಚಪ್ಪಲಿ ಬಿಡ್ರಿ," ಎಂದೆ. "ಇದು ಕಣ."

ಅವರ ಕಾಲು ಅಲ್ಲೇ ನಿಂತಿತು. ಹಾಸಿನ ಅಂಚಿನಲ್ಲಿ ಕಾಣುತ್ತಿದ್ದ ಸಗಣಿ ಸಾರಿಸಿದ ನೆಲ ನೋಡಿದರು. ವಿಭೂತಿ ಬಳಿದ ಮೇಟಿ ನೋಡಿದರು. ಮಕ್ಕಳೇ, ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು ಸಾಯುತ್ತಾರೆಯೇ ಹೊರತು ಕಣದಲ್ಲಿ ಚಪ್ಪಲಿ ಮೆಟ್ಟುವುದಿಲ್ಲ. ನಾನು ಹೊಸ ಸೊಸೆಯಾಗಿ ಬಂದ ವರ್ಷ, ಸುಗ್ಗಿ ನೋಡಲು ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರ ಬೂಟನ್ನು ಇದೇ ಬಾವ ಕಣದ ಹೊರಗೆ ಬಿಚ್ಚಿಸಿದ್ದರು. ಈಗ ಅವರು ಹಿಂದೆ ಸರಿದರು. ಒಂದೊಂದೇ ಹೆಜ್ಜೆ, ಬೆಂಕಿಯಿಂದ ಸರಿದ ಹಾಗೆ. ಅಂಚು ದಾಟಿ ಚಪ್ಪಲಿ ಬಿಟ್ಟರು. ಗೌಂಡಿ ಯಾರೂ ಹೇಳದೆಯೇ ತನ್ನವನ್ನೂ ಬಿಟ್ಟ. ಆಮೇಲೆ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

"ಸಾವ್ಕಾರ್ರೆ, ಕಣದಾಗ ಪಾಯ ತೋಡಾದು ನನ್ ಕೈಲಿ ಆಗಲ್ರಿ. ನಮ್ಮಪ್ಪ ಬೈತಾನೆ."

"ನಿಮ್ಮಪ್ಪ ಸತ್ತು ಹತ್ತು ವರ್ಷ ಆತಲ್ಲಲೇ!"

"ಅದಕ್ಕೇರಿ ಹೆದರಿಕಿ."

ಗೋಡೆಯ ಮೇಲಿನ ತಲೆಗಳು ನಕ್ಕವು. ಬಾವ ನಗಲಿಲ್ಲ. ಬರಿಗಾಲಲ್ಲಿ ನಿಂತು ಮೇಟಿಯನ್ನೇ ನೋಡಿದರು. ಆಮೇಲೆ, ನಡುವೆ ಯಾರನ್ನೂ ಇಟ್ಟುಕೊಳ್ಳದೆ, ನನ್ನ ಕಡೆ ತಿರುಗಿದರು.

"ಒಳಗ ಬಾರವ್ವ. ಕುಂತು ಮಾತಾಡಾಣ."

ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ದನಿಯಲ್ಲಿ ಸಿಟ್ಟಿರಲಿಲ್ಲ. ಹೋಗಬೇಕು ಎಂದು ಕಾಲು ಹೇಳಿತು. ಆದರೆ ಒಳಗೆ ಎಂದರೆ ಏನೆಂದು ನನಗೆ ಗೊತ್ತಿತ್ತು. ಒಳಗೆ ಪರದೆ ಇದೆ. ಅವರು ಕುರ್ಚಿಯಲ್ಲಿ ಕೂರುತ್ತಾರೆ, ನಾನು ಪರದೆಯ ಹಿಂದೆ ನಿಲ್ಲುತ್ತೇನೆ, ನನ್ನ ಮಗ ಎಂಟು ಅಡಿ ಆ ಕಡೆ ಈ ಕಡೆ ನಡೆಯುತ್ತಾನೆ. ಊಟದ ಹೊತ್ತಿಗೆ ಶೆಡ್ಡಿಗೆ ನಾನೇ ಒಪ್ಪಿರುತ್ತೇನೆ.

"ಮಾತು ಮುಗೀತ್ರಿ ಬಾವಾರೆ," ಎಂದೆ. "ಆಟ ಅರ್ಧಕ್ಕೈತೆ. ಕಟ್ಟಿ ಮ್ಯಾಲೆ ಕೂಡ್ರಿ, ಗಿರಿಜಾ ಚಾ ತರ್ತಾಳೆ. ಮುಗಿಸಿ ಬರ್ತೀನಿ."

ಬೇಗ ಬೇಗ ನನ್ನ ಜಾಗಕ್ಕೆ ಹೋಗಿ ನಿಂತೆ. ಚೈತ್ರಾ ಕಣ್ಣರಳಿಸಿಕೊಂಡು ರಿಂಗು ಹಿಡಿದು ನಿಂತಿದ್ದಳು. "ಏನು ನೋಡ್ತಿ, ಹಾಕು," ಎಂದೆ. ಹಾಕಿದಳು.

ಆ ಆಟ ನಾನು ಸೋತೆ, ಇಪ್ಪತ್ತೊಂದು, ಹದಿನೇಳು. ಕೊನೆಯ ಮೂರನ್ನು ಹುಡುಗಿ ನನ್ನ ಎಡಗಡೆಗೇ ಹಾಕಿ ಗೆದ್ದಳು, ಒಂಚೂರೂ ಕರುಣೆ ತೋರಿಸಲಿಲ್ಲ. ಒಂದೊಂದು ಪಾಯಿಂಟಿಗೂ ಬೇಕೆಂದೇ ನಿಧಾನ ಮಾಡಿದೆ ಎಂದು ನಿಮ್ಮಮ್ಮ ಹೇಳುತ್ತಾಳೆ. ಇರಬಹುದು. ಕಟ್ಟೆಯ ಮೇಲೆ ಚಾ ಆರಿತ್ತು. ಆಟ ಮುಗಿಯುವವರೆಗೂ ಬಾವ ಬರಿಗಾಲಲ್ಲಿ ಕೂತಿದ್ದರು.